ಮಷೀನ್ ಬಾಯಿಗೊಂದು ಚೀಲ

ನಿನ್ನೆ ಸಂಜೆಯಿಂದ ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹೊಸ ಚೀಲ ಕುರ್ಚಿ ಹಿಡಿದು ಕೂತಿದೆ. ಹತ್ಯಾರ, ಅಂದರೆ ರಿಪೇರಿಯ ಉಪಕರಣ, ಇಡುವ ಚೀಲ. ಗಟ್ಟಿ ತಳ, ಅಗಲವಾಗಿ ತೆರೆದುಕೊಳ್ಳುವ ಬಾಯಿ, ಒಳಗೂ ಹೊರಗೂ ಸಾಲು ಜೇಬು, ಮೇಲೆ ದಪ್ಪನೆಯ ಹಿಡಿಕೆ. ಅದನ್ನು ಅಂಗಡಿಗೆ ವಾಪಸ್ ಕೊಡಬೇಕು. ಬೆಳಿಗ್ಗೆ ಎದ್ದು ಪಡಸಾಲೆಗೆ ಬಂದಾಗ ಹೊಸ ಬಟ್ಟೆಯ ವಾಸನೆಯ ಜೊತೆಗೆ ಹೊಲಿಗೆ ಮಷೀನಿನ ಎಣ್ಣೆಯ ವಾಸನೆಯೂ ಮೂಗಿಗೆ ಬಂತು. ಒಂದೇ ದಿನ ಅದು ನನ್ನ ಕಾಕಿಯ ಕೈಯಲ್ಲಿತ್ತು. ಅಷ್ಟಕ್ಕೇ ಎಣ್ಣೆ ಹಿಡಿದಿದೆ. ಅಂಗಡಿಯವನು ಮೂಸಿ ನೋಡಿದರೆ ಗತಿಯೇನು ಎಂಬ ಅಳುಕು ನನಗೆ. ಅಂಗಡಿ ತೆರೆಯಲು ಇನ್ನೂ ಹೊತ್ತಿದೆ. ಅಷ್ಟರಲ್ಲಿ, ಇಷ್ಟು ಒಳ್ಳೆಯ ಚೀಲವನ್ನು ಯಾಕೆ ವಾಪಸ್ ಮಾಡುತ್ತಿದ್ದೇನೆಂದು ನಿಮಗಾದರೂ ಹೇಳಿಬಿಡುತ್ತೇನೆ. ಅಂಗಡಿಯವನಿಗೆ ಇಷ್ಟೆಲ್ಲ ಕೇಳುವ ಪುರಸೊತ್ತು ಎಲ್ಲಿಯದು?

ಕಾಕಿ ನನ್ನ ತಂದೆಯ ತಮ್ಮನ ಹೆಂಡತಿ, ಭಾಲ್ಕಿಯಲ್ಲಿರುತ್ತಾಳೆ. ಹೆಸರು ಶಾಂತಾಬಾಯಿ. ಆದರೆ ಔರಾದದ ಕಡೆ ಹೋಗಿ ಆ ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ಅಲ್ಲಿ "ಮಷೀನ್ ಬಾಯಿ" ಎನ್ನಬೇಕು. ಹಳ್ಳಿಹಳ್ಳಿಗೆ ಹೋಗಿ ಹೆಂಗಸರ ಹೊಲಿಗೆ ಮಷೀನು ರಿಪೇರಿ ಮಾಡುವವಳು ಅವಳು. ಈ ಕೆಲಸ ಮೊದಲು ಕಾಕಾನದು. ಭಾಲ್ಕಿಯ ಬಜಾರಿನಲ್ಲಿ ಅವರದೊಂದು ಸಣ್ಣ ದುಕಾನಿದೆ. ಯಾರಾದರೂ ಮಷೀನು ತಂದರೆ ರಿಪೇರಿ ಮಾಡಿಕೊಡುತ್ತಾರೆ. ಮದುವೆಯಾದ ಹೊಸದರಲ್ಲಿ ಕಾಕಿ ಬುತ್ತಿ ಕೊಡಲು ಹೋಗಿ ಅಲ್ಲೇ ಕೂತು, ನೋಡುತ್ತ ನೋಡುತ್ತ ಕಲಿತಳು.

ಒಂದು ದಿನ ಔರಾದದ ಹತ್ತಿರದ ಹಳ್ಳಿಯ ಹೆಂಗಸೊಬ್ಬಳು ಬರಿಗೈಯಲ್ಲಿ ದುಕಾನಿಗೆ ಬಂದು, ತನ್ನ ಮಷೀನು ಹೇಗೆ ಸಪ್ಪಳ ಮಾಡುತ್ತದೆಂದು ಬಾಯಿಯಲ್ಲೇ ಮಾಡಿ ತೋರಿಸಿದಳಂತೆ.

"ಮಷೀನ್ ತರ್ರಿ ಅವ್ವಾರ. ಸಪ್ಪಳ ಹ್ಯಾಂಗ ರಿಪೇರಿ ಮಾಡ್ಲಿ?" ಎಂದರಂತೆ ಕಾಕಾ.

"ಅಷ್ಟು ಭಾರ ಬಸ್ಸಿನ್ಯಾಗ ಹ್ಯಾಂಗ ತರ್ಲಿರಿ? ನೀವೇ ಬರ್ರಿ."

ಕಾಕಾ ನೆಲ ನೋಡಿದರಂತೆ. ಗಂಡಸರೆಲ್ಲ ಹೊಲಕ್ಕೆ ಹೋದ ಹೊತ್ತಿನಲ್ಲಿ ಹೆಂಗಸೊಬ್ಬಳೇ ಇರುವ ಮನೆಗೆ ಹೋಗುವ ಜಾತಿಯ ಮನುಷ್ಯ ಅವರಲ್ಲ. ಆಗ ಬುತ್ತಿಯ ಡಬ್ಬಿ ಕಟ್ಟುತ್ತಿದ್ದ ಕಾಕಿ, "ನಾ ಬರ್ತೇನಿ, ನಡಿ" ಎಂದಳಂತೆ.

ನಮ್ಮ ಮನೆಯಲ್ಲಿ ಈ ಕಥೆ ಹೀಗೇ ನಡೆದುಬಂದಿದೆ. ನನಗೆ ಮಾತ್ರ ಅನುಮಾನ. ಪ್ರತಿ ಸಲ ಹೇಳುವಾಗಲೂ ಆ "ನಾ ಬರ್ತೇನಿ" ಇನ್ನಷ್ಟು ಬೇಗ ಬರುತ್ತದೆ. ಮೆಚ್ಚುಗೆ ಎನ್ನುವುದು ನೆನಪಿಗೆ ಇಸ್ತ್ರಿ ಹಾಕುತ್ತದೆ. ನಡುವಿನ ನಿರಿಗೆಗಳೆಲ್ಲ ಮಾಯ. ಗಂಡ ಹೆಂಡತಿ ನಡುವೆ ಜಗಳವೇ ಆಗಲಿಲ್ಲವೇ ಎಂದು ಕಾಕಾನನ್ನು ಕೇಳಿದರೆ, "ಜಗಳ ಯಾಕ ಆಗ್ತದ? ನಾನೇ ಕಳಿಸೀನಿ" ಎನ್ನುತ್ತಾರೆ. ಕಾಕಿಯನ್ನು ಕೇಳಿದರೆ ಬೇರೆ.

"ಆಗಿತ್ತು, ಭಾಳ ದಿನ ಆಗಿತ್ತು. ಖರೆ ಗೆದ್ದಾಕಿ ನಾ. ಅದಕ್ಕ ಅವರಿಗಿ ನೆನಪಿಲ್ಲ."

ಓದುವ ದಿನಗಳಲ್ಲಿ ರಜೆ ಬಂದಾಗ ನಾನು ಅವಳ ಜೊತೆ ಆ ಹಳ್ಳಿಗಳಿಗೆ ಹೋಗುತ್ತಿದ್ದೆ. ಬಾಗಿಲಿನ ಬೆಳಕಿಗೆ ಚಾಪೆ ಹಾಕಿಸಿ, ಮಷೀನನ್ನು ಮಗುಚಿ ಮಲಗಿಸಿ, ಅದರೊಂದಿಗೆ ಮಾತಾಡುತ್ತ ಕೆಲಸ ಶುರು ಮಾಡುವಳು. ಬೈಗುಳವೇ ಹೆಚ್ಚು. "ಎಣ್ಣಿ ಕುಡಿಸಿಲ್ಲೇನು ನಿನಗ? ಮತ್ತ ದಾರ ಯಾಕ ನುಂಗ್ತಿ?" ಎಂದು ಮಷೀನಿಗೆ ಅಂದರೆ, ಪಕ್ಕದಲ್ಲಿ ನಿಂತ ಮನೆಯೊಡತಿ ನಾಚಿಕೊಳ್ಳುವಳು.

ಒಂದು ಮನೆ ನೆನಪಿದೆ. ಮಷೀನು ಎಲ್ಲಿ ಎಂದರೆ ಸೊಸೆ ಕಣ್ಣಿನಿಂದಲೇ ಮೂಲೆ ತೋರಿಸಿದಳು. ಮಷೀನಿನ ಮೇಲೆ ಹಲಗೆ, ಹಲಗೆಯ ಮೇಲೆ ತೊಗರಿಯ ಚೀಲ, ಚೀಲಕ್ಕೆ ಒರಗಿಕೊಂಡು ಅತ್ತೆ.

"ಅವ್ವಾರ, ಜರಾ ಸರೀರಿ. ನಿಮ್ಮ ಸೊಸಿ ಮಷೀನ್ ಉಸುರು ಹಿಡ್ಕೊಂಡು ಕೂತದ ಅದರ ಕೆಳಗ," ಎಂದಳು ಕಾಕಿ.

ಅತ್ತೆ ಸರಿದಳು, ಮನಸ್ಸಿಲ್ಲದೆ. ಮಧ್ಯಾಹ್ನದ ಹೊತ್ತಿಗೆ ಮಷೀನು ಓಡಿತು. ಮೊದಲ ಹೊಲಿಗೆ ಹಾಕಿಸಿಕೊಂಡದ್ದು ಅದೇ ಅತ್ತೆ, ತನ್ನ ಹರಿದ ದಿಂಬಿಗೆ. ದಾರಿಯಲ್ಲಿ ಬರುವಾಗ ಕಾಕಿ ಹೇಳಿದ್ದನ್ನು ನಾನು ಮರೆತಿಲ್ಲ: "ನಿಂತ ಮಷೀನಿನ ಮ್ಯಾಲ ಮೊದಲ ಒಂದು ಹಳೀ ಸೀರಿ ಬೀಳ್ತದ, ಆಮ್ಯಾಲ ತೊಗರಿ ಚೀಲ. ಚೀಲ ಬಿತ್ತಂದ್ರ ಅದು ಮಷೀನ್ ಅಲ್ಲವ್ವಾ, ಕಟ್ಟಿ. ಆಕಿ ಮತ್ತ ಹೊಲಿಯಾಕಿ ಅಲ್ಲ. ಚೀಲ ಬೀಳೂದರಾಗ ನಾ ಹೋಗ್ಬೇಕು."

ನಾನು ಕಾಲೇಜಿನ ಹುರುಪಿನಲ್ಲಿ, "ಇದೇ ಕಾಯಕ ನೋಡು ಕಾಕಿ" ಎಂದೆ. ಅವಳಿಗೆ ಸಿಟ್ಟು ಬಂತು. "ದೊಡ್ಡ ಮಾತು ಹೇಳಿ ನನಗ ಪೂಜಿ ಮಾಡಬ್ಯಾಡ. ಮನ್ಯಾಗ ಕೂತ್ರ ನನಗ ಬ್ಯಾಸರ, ಅದಕ್ಕ ಹೋಗ್ತೇನಿ." ಆಮೇಲೆ ಬಸ್ಸು ಬರುವವರೆಗೆ, ತಾನು ಹೋದ ಮನೆಗಳಲ್ಲಿ ಯಾರ ಮನೆಯ ಚಹಾ ಚಲೋ, ಯಾರದು ನೀರು ನೀರು ಎಂದು ಹೇಳುತ್ತ ಕೂತಳು.

ಇನ್ನು ಅವಳ ಹಳೆಯ ಚೀಲದ ಮಾತು. ನನ್ನ ಕಣ್ಣಿಗೆ ಕಟ್ಟಿದಂತಿರುವುದು ಖಾಕಿ ಬಟ್ಟೆಯ ಉದ್ದನೆಯ ಚೀಲ, ತುಂಬಿದ ಸೋರೆಕಾಯಿಯ ಆಕಾರ. ನನ್ನ ಅಕ್ಕ ಕೇಳಿ ನಕ್ಕಳು. "ಖಾಕಿ ಅಲ್ಲ, ಗಾದಿ ಬಟ್ಟಿದು. ನೀಲಿ ಪಟ್ಟಿ ಇದ್ವು." ಕಾಕಿಯನ್ನೇ ಕೇಳಿದೆವು. "ಎರಡೂ ಇದ್ವು. ನಡುವ ಒಂದು ಸಕ್ಕರಿ ಚೀಲದ್ದೂ ಹೊಲ್ಕೊಂಡಿದ್ದೆ. ಅದು ಯಾರಿಗೂ ನೆನಪಿಲ್ಲೇನು?" ಹೀಗೆ ನಾವಿಬ್ಬರೂ ಸೋತೆವು. ಒಂದು ಮಾತು ಮಾತ್ರ ಎಲ್ಲರೂ ಒಪ್ಪುತ್ತೇವೆ: ಚೀಲ ಯಾವುದೇ ಇರಲಿ, ಸಪೂರವಾಗಿರುತ್ತಿತ್ತು. ಯಾಕೆಂದರೆ ಅದು ಬಸ್ಸಿನ ಕಿಟಕಿಯಲ್ಲಿ ತೂರಬೇಕಿತ್ತು.

ನಮ್ಮ ಕಡೆಯ ಬಸ್‌ಸ್ಟ್ಯಾಂಡು ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಭಾಲ್ಕಿಗೆ ರೈಲಿದೆ, ಔರಾದಕ್ಕೆ ಇಲ್ಲ. ಹೋಗುವವರೆಲ್ಲ ಬಸ್ಸನ್ನೇ ನಂಬಬೇಕು. ಬಸ್ಸು ಬಂದು ನಿಲ್ಲುವ ಮೊದಲೇ ಜನ ಅದರ ಜೊತೆ ಓಡುತ್ತಾರೆ. ಬಾಗಿಲಿಗಲ್ಲ, ಕಿಟಕಿಗೆ. ಟವೆಲ್ಲೋ ಕೈಚೀಲವೋ ಟೋಪಿಯೋ ಕಿಟಕಿಯಿಂದ ಸೀಟಿನ ಮೇಲೆ ಬೀಳಬೇಕು. ಬಿದ್ದರೆ ಆ ಸೀಟು ನಿಮ್ಮದು. ಆಮೇಲೆ ನೀವು ನಿಧಾನವಾಗಿ, ಮಾವನ ಮನೆಗೆ ಬಂದ ಅಳಿಯನ ಗತ್ತಿನಲ್ಲಿ, ಬಾಗಿಲಿನಿಂದ ಹತ್ತಬಹುದು. ಎಷ್ಟೇ ನೂಕುನುಗ್ಗಲಿರಲಿ, ಬಿದ್ದ ಟವೆಲ್ಲನ್ನು ಸರಿಸಿ ಕೂರುವವರು ಕಡಿಮೆ.

ಒಮ್ಮೆ ಕಾಕಿ ಔರಾದದ ಬಸ್ಸಿನ ಕಿಟಕಿಯಲ್ಲಿ ಹತ್ಯಾರದ ಚೀಲ ತೂರಿಸಿ, ನೀರು ಕುಡಿಯಲು ಹೋದಳು. ಡ್ರೈವರ್ ಬಂದು ಬೋರ್ಡು ಬದಲಿಸಿದ. ಬಸ್ಸು ಉದಗೀರಕ್ಕೆ ಹೋಯಿತು. ಕಾಕಿ ದಿನವಿಡೀ ಸ್ಟ್ಯಾಂಡಿನಲ್ಲೇ ಕೂತಳು. ಸಂಜೆ ಅದೇ ಬಸ್ಸು ಮರಳಿ ಬಂದಾಗ ಕಂಡಕ್ಟರ್ ಚೀಲ ಕೊಟ್ಟು, "ತಗೋರಿ ಬಾಯಿ, ಜನ ಜೋತು ಬಿದ್ದು ಬಂದಾರ, ನಿಮ್ಮ ಚೀಲ ಆರಾಮ ಕೂತು ಹೋಗಿ ಬಂದದ" ಎಂದ. ಈ ಮಾತು ನನ್ನ ಕಿವಿಯಲ್ಲೇ ಇದೆ. ಆದರೆ ಆ ದಿನ ನಾನು ಕಲಬುರಗಿಯಲ್ಲಿ ಪರೀಕ್ಷೆ ಬರೆಯುತ್ತಿದ್ದೆ ಎಂದು ಅಕ್ಕ ಹೇಳುತ್ತಾಳೆ. ನನ್ನ ದಿನಚರಿ ತೆಗೆದು ನೋಡಿದೆ. ಆ ವಾರದ ಪುಟಗಳಲ್ಲಿ "ಬಿಸಿಲು ಭಾಳ" ಎಂದಷ್ಟೇ ಇದೆ. ಬಿಸಿಲು ಎರಡೂ ಊರಲ್ಲಿ ಇರುತ್ತದೆ.

ಈ ಬೇಸಿಗೆಯಲ್ಲಿ ಕಾಕಿಯ ಬಲಭುಜ ಹಿಡಿದುಕೊಂಡಿತು. ತಲೆ ಬಾಚಲೂ ಆಗದಾಯಿತು. ಬೀದರಿನ ಡಾಕ್ಟರಿಗೆ ನಾನೇ ತೋರಿಸಿದೆ.

"ಭುಜಕ್ಕಿಂತ ಮ್ಯಾಲ ಭಾರ ಎತ್ತುತೀರೇನು?" ಎಂದು ಅವರು ಕೇಳಿದರು.

"ಇಲ್ರಿ ಸಾಹೇಬರ. ಮನಿಗಿ ನಳ ಬಂದ ಮ್ಯಾಲ ಕೊಡ ಸುದ್ದಾ ಎತ್ತಿಲ್ಲ."

ಕೈ ಮೇಲೆತ್ತಿ ಭಾರ ಹಿಡಿಯಬಾರದು, ಹಿಡಿದರೆ ಇನ್ನು ಕೈ ಏಳುವುದೇ ಇಲ್ಲ ಎಂದರು ಡಾಕ್ಟರು. ಕಾಕಾ ಅಷ್ಟನ್ನೇ ಹಿಡಿದುಕೊಂಡರು. "ಸಾಕು ಇನ್ನ. ದುಕಾನ್ದಾಗ ಕುಂದ್ರು. ಬಂದ ಮಷೀನ್ ನೋಡೋಣು." ಕಾಕಿ ನನ್ನ ಕಡೆ ತಿರುಗಿ, "ಬೀದರದಾಗ ದೊಡ್ಡ ದೊಡ್ಡ ಅಂಗಡಿ ಅವಲ್ಲವ್ವಾ, ಒಂದು ಹಗುರ ಚೀಲ ನೋಡು. ಅದರಿಂದ ಆದ್ರ ಆಯ್ತು, ಇಲ್ಲಂದ್ರ ಬಿಡ್ತೇನಿ" ಎಂದಳು. ಬಿಡ್ತೇನಿ ಎಂಬ ಮಾತು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಔರಾದದ ಮೂಲೆಮೂಲೆಯಲ್ಲಿ ಮಷೀನುಗಳ ಮೇಲೆ ತೊಗರಿ ಚೀಲಗಳು ಬೀಳುವುದು ನನಗೆ ಆಗಲೇ ಕಾಣಿಸಿತು.

ಚೀಲ ಆರಿಸುವುದು ಸುಲಭ ಎಂದುಕೊಂಡಿದ್ದೆ. ಅಂಗಡಿಯವನು ಮೊದಲು ಗಾಲಿಯ ಪೆಟ್ಟಿಗೆ ತೋರಿಸಿದ. ಬಸ್ಸಿನ ಮೆಟ್ಟಿಲಿಗೂ ಹಳ್ಳಿಯ ಕಲ್ಲುದಾರಿಗೂ ಗಾಲಿ ಯಾವ ಉಪಯೋಗ? ಒಂದೇ ಭುಜಕ್ಕೆ ಜೋತುಬೀಳುವುದನ್ನು ತೋರಿಸಿದ. ಇನ್ನೊಂದು ಭುಜವೂ ಹೋದೀತು. ಕೊನೆಗೆ ಈ ಅಗಲ ಬಾಯಿಯದು ಮನಸ್ಸು ಹಿಡಿಯಿತು. ಹಗುರ, ಸ್ಕ್ರೂ ತಿರುಗಿಸುವ ಪೇಚಕಸಿಗೊಂದು ಜೇಬು, ನಟ್ಟು ಹಿಡಿಯುವ ಪಕ್ಕಡಕ್ಕೊಂದು ಜೇಬು, ನಿಂತರೆ ಬೀಳುವುದಿಲ್ಲ. ಚೀಲವನ್ನು ಬಗಲಲ್ಲಿಟ್ಟುಕೊಂಡು ಭಾಲ್ಕಿಗೆ ಹೋಗುವಾಗ ನಾನು ದೊಡ್ಡ ಸಂಶೋಧನೆ ಮುಗಿಸಿದವಳ ಹಾಗಿದ್ದೆ.

ಕಾಕಿಗೂ ಇಷ್ಟವಾಯಿತು. ನಿನ್ನೆ ಸ್ವಲ್ಪವೇ ಸಾಮಾನು ತುಂಬಿ ಸ್ಟ್ಯಾಂಡಿಗೆ ಹೋದೆವು, ಕಾಕಾನೂ ಬಂದರು. ಔರಾದದ ಬಸ್ಸು ಒಳಗೆ ತಿರುಗಿತು. ನನ್ನ ಪಕ್ಕದಲ್ಲಿದ್ದ ಕಾಕಿ ಮರುಕ್ಷಣ ಇರಲಿಲ್ಲ. ಬಸ್ಸಿನ ಮಗ್ಗುಲಲ್ಲಿ ಓಡಿ, ಬಲಗೈಯಲ್ಲಿ ಚೀಲವನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಕಿಟಕಿಗೆ ಒತ್ತುತ್ತಿದ್ದಳು. ಅಗಲ ತಳದ ಚೀಲ ಒಳಗೆ ಹೋಗಲೊಲ್ಲದು, ಎತ್ತಿದ ಕೈ ಕೆಳಗೆ ಬರಲೊಲ್ಲದು. ಮುಖ ಬಿಳಿಚಿಕೊಂಡಿತು. ನಾನು ಓಡಿ ಚೀಲ ಹಿಡಿದೆ.

"ಕಾಕಿ, ಡಾಕ್ಟ್ರು ಕೇಳಿದ್ದು ಇದೇ ಅಲ್ಲೇನು? ಭಾರ ಎತ್ತುತೀಯೇನಂತ."

ನೋವಿನಲ್ಲೂ ಅವಳು ನನ್ನನ್ನು ಏನೂ ತಿಳಿಯದವಳಂತೆ ನೋಡಿದಳು. "ಇದು ಭಾರ ಎತ್ತೂದಲ್ಲವ್ವಾ. ಸೀಟ್ ಹಿಡಿಯೂದು."

ಇಷ್ಟು ವರ್ಷ ಅವಳ ಭುಜ ತಿಂದದ್ದು ಹಳ್ಳಿಗಳಲ್ಲ, ಮಷೀನುಗಳೂ ಅಲ್ಲ, ಈ ಕಿಟಕಿ. ಅವಳಿಗೂ ಗೊತ್ತಿರಲಿಲ್ಲ, ಎಷ್ಟೋ ಸಲ ಪಕ್ಕದಲ್ಲೇ ನಿಂತು ಚೀಲ ತೂರಿಸಲು ಕೈಹಚ್ಚಿದ ನನಗೂ ಹೊಳೆದಿರಲಿಲ್ಲ. ಕಾಕಾ ಸುಮ್ಮನಿರಲಿಲ್ಲ. "ಸೀಟ್ ಹಿಡೀಲಾರ್ದ ಔರಾದ್ ತನಾ ನಿಂತು ಹೋಗ್ತಿಯೇನು? ಮೊಣಕಾಲೂ ಹೋಗ್ಲಿ ಅಂತೀ?" ಹಿಡಿಕೆ ಇರುವವರೆಗೆ ಅವಳು ಎತ್ತುತ್ತಾಳೆ ಎಂಬುದಷ್ಟೇ ನನಗೆ ತಿಳಿಯಿತು. ಅದಕ್ಕೇ ಚೀಲ ವಾಪಸ್ ಹೊರಟಿದೆ.

ಇಲ್ಲಿಯವರೆಗೆ ಬರೆದು ಅಂಗಡಿಗೆ ಹೋದೆ. ಉಳಿದದ್ದನ್ನು ಭಾಲ್ಕಿಯಿಂದ ಬಂದ ಮೇಲೆ ಬರೆಯುತ್ತಿದ್ದೇನೆ, ನೆನಪು ಇಸ್ತ್ರಿ ಶುರುಮಾಡುವ ಮೊದಲು.

ಅಂಗಡಿಯವನು ಮೂಸಿಯೇ ಮೂಸಿದ. "ಎಣ್ಣಿ ವಾಸ ಬರ್ಲತದಲ್ರಿ ಮೇಡಂ." ಕಾಕಿಯ ಕೆಲಸ ಹೇಳಿದೆ. ಅವನು ಚೀಲ ಕೆಳಗಿಟ್ಟ. "ಮಷೀನ್ ಬಾಯೇನ್ರಿ? ನನ್ನ ಹೆಣ್ತಿ ತವರು ಔರಾದದ ಕಡೇದು. ಮದ್ವಿ ಬಟ್ಟಿ ಎಲ್ಲಾ ಆಕಿ ಅವ್ವನೇ ಹೊಲ್ದಿದ್ದು, ಮಷೀನ್ ಬಾಯಿ ಬಂದು ಹೋದ ಮ್ಯಾಲ." ಆಮೇಲೆ ತಾನೇ ಏಣಿ ಹತ್ತಿ, ಅದಕ್ಕೆ ಬದಲಾಗಿ ಬೆನ್ನಿಗೆ ಹಾಕಿಕೊಳ್ಳುವ ಕಪ್ಪು ಚೀಲವೊಂದನ್ನು ಇಳಿಸಿದ. ಎರಡೂ ಭುಜಕ್ಕೆ ಅಗಲ ಪಟ್ಟಿ, ಎದೆಯ ಮೇಲೆ ಕೊಕ್ಕೆ. ಕೊಕ್ಕೆ ಬಿಚ್ಚಿ ತೆಗೆಯುವಷ್ಟರಲ್ಲಿ ಬಸ್ಸಿನ ಕಿಟಕಿ ಮುಂದೆ ಹೋಗಿರುತ್ತದೆ.

ಭಾಲ್ಕಿಯಲ್ಲಿ ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೇಡ ಎನ್ನುತ್ತಾರೆಂದು ನಾನು ಕಾದೆ. ಅವರು ಚಾಪೆಯ ಮೇಲೆ ಕೂತು ಒಂದೊಂದೇ ಹತ್ಯಾರ ಒರೆಸಿ ಜೇಬಿಗೆ ಇಳಿಸತೊಡಗಿದರು. ದೊಡ್ಡ ಸುತ್ತಿಗೆ ಕೈಗೆ ಬಂದಾಗ ತುಸು ಹೊತ್ತು ಹಿಡಿದುಕೊಂಡು, ಬದಿಗಿಟ್ಟರು. "ಹತೋಡಿ ಇಲ್ಲದ ಮನಿ ಯಾವದದ? ಅಲ್ಲೇ ಇಸ್ಕೋ."

ಕಾಕಿ ಸೀರೆಯ ಮೇಲೆ ಆ ಚೀಲ ಏರಿಸಿ ಓಣಿಯಲ್ಲಿ ಹೊರಟಾಗ ಎದುರುಮನೆಯವಳು ಬಿಡಲಿಲ್ಲ. "ಕಾಲೇಜಿಗೇನ್ರಿ ಶಾಂತಾಬಾಯಿ?"

"ಹೂಂರಿ. ನೀವೂ ಬರ್ರಿ, ಹಿಂದಿನ ಬೆಂಚ್ ಖಾಲಿ ಅದ."

ಸ್ಟ್ಯಾಂಡಿನಲ್ಲಿ ಮಂದಿಗೆ ತಗಲುತ್ತದೆಂದು ಚೀಲವನ್ನು ಎದೆಯ ಕಡೆ ತಿರುಗಿಸಿಕೊಂಡಳು. ಧೂಳು ಕೂರದಿರಲೆಂದು ಸೆರಗು ಹೊದಿಸಿದಳು. ಬಸ್ಸು ಬಂತು. ಕೈ ತಾನಾಗಿ ಮೇಲೇಳಲು ಹೋಗಿ, ಹಿಡಿಯಲು ಏನೂ ಸಿಗದೆ ಇಳಿಯಿತು. ಎಲ್ಲರ ಹಿಂದೆ, ಬಾಗಿಲಿನಿಂದ ಹತ್ತಿದಳು. ಸೀಟುಗಳೆಲ್ಲ ತುಂಬಿದ್ದವು. ಕೆಳಗೆ ನಿಂತ ಕಾಕಾ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಕಿಟಕಿ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಕಾಕಿಯ ಸೆರಗಿನೊಳಗಿನ ಉಬ್ಬು ಕಂಡು ಮಗ್ಗುಲಿನ ಹುಡುಗಿಯನ್ನು ತಿವಿದಳು. "ಏಳ, ಆಯಿ ಕೂಸು ಹಿಡ್ಕೊಂಡು ನಿಂತಾಳ, ಕಾಣಲ್ಲೇನು?" ಹುಡುಗಿ ಎದ್ದಳು. ಕಾಕಿ ಕೂತು, ಸೆರಗನ್ನು ಇನ್ನಷ್ಟು ಸರಿಪಡಿಸಿಕೊಂಡಳು.

"ಮೊಮ್ಮಗಳೇನ್ರಿ?" ಎಂದಳು ಆ ಹೆಂಗಸು, ಬಾಗಿ ಸೆರಗು ಎತ್ತುತ್ತ. ಒಳಗಿನಿಂದ ಪೇಚಕಸಿನ ಹಿಡಿ ಇಣುಕಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಹೆಂಗಸು ನಕ್ಕಳೋ ಬೈದಳೋ ನನಗೆ ಕೇಳಲಿಲ್ಲ, ಬಸ್ಸು ಚಾಲೂ ಆಗಿತ್ತು. ಆದರೆ ಅವಳು ಎರಡೂ ಕೈಯಿಂದ ಬಟ್ಟೆ ಹೊಲಿಯುವ ಹಾಗೆ ಮಾಡಿ, ನಂತರ ದಾರ ಹರಿದಂತೆ ಬೆರಳು ಬಿಚ್ಚಿ ತೋರಿಸುತ್ತಿದ್ದಳು. ಕಾಕಿ ತಲೆ ವಾಲಿಸಿ ಕೇಳುತ್ತಿದ್ದಳು.

ಬಸ್ಸು ಸ್ಟ್ಯಾಂಡು ದಾಟಿತು. ಕಾಕಾ ದೂರು ಹೇಳುವವರ ದನಿಯಲ್ಲಿ ಅಂದರು:

"ಇವತ್ತು ಆ ಬಾಯಿ ಮನ್ಯಾಗೇ ಇಳೀತಾಳ ನೋಡು ಇಕಿ. ಮೊದಲ ಹೇಳಿ ಕಳಿಸಿದ ಮನಿ ಹಾಂಗೇ ಉಳೀತದ. ನಾಳಿ ಮತ್ತ ಹೋಗಬೇಕಾಗ್ತದ."