ಮಸ್ಕಿ ಬಸ್ಸಿನಲ್ಲಿ ಅದಲು ಬದಲು

ನಮ್ಮ ಕಡೆಯ ಕಾಲೇಜು ಚರ್ಚಾ ಸ್ಪರ್ಧೆಗಳಲ್ಲಿ ಒಂದು ಕಟ್ಟಳೆಯಿತ್ತು. ಪ್ರತಿ ಕಾಲೇಜಿನಿಂದ ಇಬ್ಬರು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ವೇದಿಕೆಯ ಮೇಲೆ ಕಚ್ಚಾಡಬೇಕು, ಆಮೇಲೆ ಪಾರಿತೋಷಕವನ್ನು ಇಬ್ಬರೂ ಕೂಡಿಯೇ ಹೊತ್ತು ತರಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಸಿಂಧನೂರಿನ ನಮ್ಮ ಕಾಲೇಜಿಗೆ ನನ್ನ ಸೋದರಮಾವನ ಮಗ ಪರ, ನಾನು ವಿರೋಧ. ನನ್ನ ಬಾಯಲ್ಲಿ ‘ಹೌದು’ ಹೊರಡುವುದಿಲ್ಲವೆಂದು ಮೇಷ್ಟರಿಗೂ ಗೊತ್ತಿತ್ತು.

ಅವನು ದಿನಾ ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದ. ಕ್ಲಾಸು ಮುಗಿದ ಮೇಲೆ ಖಾಲಿ ಕೋಣೆಯಲ್ಲಿ ನಮ್ಮ ತಯಾರಿ. ಇಬ್ಬರೂ ತಂತಮ್ಮ ವಾದ ಮಂಡಿಸಿದ ಕೂಡಲೇ ಅವನು ಬೆಂಚು ಕುಟ್ಟಿ “ಅದಲು ಬದಲು!” ಎನ್ನುತ್ತಿದ್ದ. ಆಗ ಅವನ ಮಾತನ್ನು ನಾನು ಆಡಬೇಕು, ನನ್ನದನ್ನು ಅವನು. ಎದುರಿನವರ ಮಾತನ್ನು ಅವರಿಗಿಂತ ಚೆನ್ನಾಗಿ ಆಡಲು ಬಾರದವರಿಗೆ ಅದನ್ನು ಮುರಿಯಲೂ ಬರುವುದಿಲ್ಲ ಎಂಬುದು ಅವನ ನಂಬಿಕೆ. ನಾನು ಪ್ರಶ್ನೆ ಕೇಳದೆ ಒಪ್ಪಿಕೊಂಡ ಕೆಲವೇ ಸಂಗತಿಗಳಲ್ಲಿ ಅದೊಂದು.

ಭಾನುವಾರ ಬಂತೆಂದರೆ ನಾನು ಮಸ್ಕಿಯಲ್ಲಿ, ಮಾವನ ಮನೆಯಲ್ಲಿ. ಅವ್ವ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಿದ್ದಳು.

“ವಾರ ಪೂರ್ತಿ ಕಾಲೇಜಿನಾಗ ನೋಡಿದ್ರೂ ಸಾಲೂದಿಲ್ಲ ಈಕಿಗಿ. ಆಯ್ತಾರನೂ ಬೇಕು!”

“ಅವ್ವಾ, ದಿನಾ ಕಾಣಾವನ್ನ ನೋಡಾಕ ಯಾರರ ಬಸ್ ಹತ್ತಿ ಹೋಗ್ತಾರೇನು?”

“ಅದಕ್ಕ ಪಿರೂತಿ ಅಂತಾರ. ಬಾಯಿ ಮುಚ್ಚಿ ಹಿಟ್ಟು ಕೊಡು.”

ಸಾಕ್ಷಿ ವಿರುದ್ಧವಾದಷ್ಟೂ ತೀರ್ಪು ಗಟ್ಟಿಯಾಗುವ ನ್ಯಾಯಾಲಯ ಅದು. ಸೋದರಮಾವನ ಮಗನೆಂಬ ವರಸೆಯಿದ್ದ ಮೇಲೆ, ಆ ಊರಿಗೆ ಹೋಗಲು ಹುಡುಗಿಗೆ ಬೇರೆ ಕಾರಣ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಕಾರಣ ಮಾವನ ಮನೆಯ ಗೋಡೆಯಾಚೆ ಇತ್ತು. ಪಕ್ಕದ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದವಳು ನನಗಿಂತ ತುಸು ದೊಡ್ಡವಳು. ಮಿಷನ್ ಎಣ್ಣೆಯ ವಾಸನೆ, ತುಟಿಯ ನಡುವೆ ಕಚ್ಚಿಕೊಂಡ ದಾರ, ಕೊರಳಲ್ಲಿ ಅಳತೆಯ ಪಟ್ಟಿ. “ಕೈ ಎತ್ತು. ಏ, ಉಸಿರು ಬಿಡು. ಹಿಂಗ ಹಿಡದ್ರ ಕುಬಸ ಬಿಗಿ ಆಗ್ತೈತಿ” ಎನ್ನುತ್ತಿದ್ದಳು. ನಾನೇಕೆ ಉಸಿರು ಹಿಡಿದೆನೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು; ತೆಗೆದ ಅಳತೆಯನ್ನೇ ನಗುತ್ತ ಮತ್ತೆ ತೆಗೆಯುತ್ತಿದ್ದಳು. ಆ ವರ್ಷ ನನ್ನಲ್ಲಿದ್ದಷ್ಟು ಕುಬಸ ಮತ್ತೆಂದೂ ಇರಲಿಲ್ಲ.

ಅವಳ ಹತ್ತಿರ ಒಬ್ಬ ಜೋಗಪ್ಪನೂ ಬರುತ್ತಿದ್ದರು. ದೇವಿಯ ಹೆಸರಿನಲ್ಲಿ ಸೀರೆ ಉಟ್ಟು ಹಾಡುತ್ತ ಊರೂರು ತಿರುಗುವವರು. ಎತ್ತರದ ಆಳು, ನಕ್ಕರೆ ಓಣಿಯೇ ತಿರುಗಿ ನೋಡಬೇಕು. ಕಟ್ಟೆಯ ಮೇಲಿನವರಿಗೆಲ್ಲ ಒಂದೇ ತಕರಾರು: ಗಂಡಸೋ, ಹೆಂಗಸೋ? ನಾನು ಅವರ ನಗೆಯನ್ನು ನೋಡುತ್ತ ಕೂತಿದ್ದೆ.

“ಹಂಗ್ಯಾಕ ನೋಡ್ತೀಯವಾ? ದೃಷ್ಟಿ ಆದೀತು, ನಿವಾಳಿಸಾಕ ನಮ್ಮನ್ಯಾಗ ಮೆಣಸಿನಕಾಯಿ ಇಲ್ಲ!” ಎಂದರು.

ಮುಖ ಕೆಂಪಾಯಿತು. ಮನೆಗೆ ಮರಳುವ ಬಸ್ಸಿನಲ್ಲಿ ಹೊಳೆಯಿತು: ಎಲ್ಲದಕ್ಕೂ ಪ್ರಶ್ನೆ ತೆಗೆಯುವ ನನಗೆ, ಕಟ್ಟೆಯವರ ಆ ಒಂದು ಪ್ರಶ್ನೆ ಮಾತ್ರ ಬಂದೇ ಇರಲಿಲ್ಲ.

ಹೊಲಿಗೆಯವಳು ಮದುವೆಯಾಗಿ ಪಾಮನಕಲ್ಲೂರಿಗೆ ಹೋದಳು. ಅಂದು ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ನಾನು ಅತ್ತದ್ದನ್ನು ಕಂಡು ಅತ್ತೆ ಸೆರಗಿನಿಂದ ಕಣ್ಣೊರೆಸಿದಳು. “ಯಾಕ ಅಳ್ತಿ ಹುಚ್ಚಿ? ನಾಳೆ ನೀ ಇಲ್ಲೇ ಇರಾಕಿ.” ಆ ಕಣ್ಣೀರಿನ ಮೇಲೆಯೇ ಮಾತುಕತೆ ನಡೆದು, ಲಿಂಗಸುಗೂರಿನ ಸ್ಪರ್ಧೆ ಮುಗಿದ ಸೋಮವಾರ ನಮ್ಮಿಬ್ಬರ ಹೆಸರಿನಲ್ಲಿ ಸಕ್ಕರೆ ಹಂಚುವುದೆಂದಾಯಿತು. ಸಕ್ಕರೆ ಹಂಚಿದರೆ ಮಾತು ಕೊಟ್ಟಂತೆ.

ಬೇಡವೆನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಅವನು ಬೆಂಚು ಕುಟ್ಟಿದಾಗ ನನ್ನ ಎದೆಯೂ ಕುಟ್ಟುತ್ತಿತ್ತು. ನನ್ನ ತರ್ಕ ಮುಗ್ಗರಿಸಿದ್ದು ಇಲ್ಲೇ. ಅವಳದು ನಿಜವಾದರೆ ಇವನದು ಬರೀ ವರಸೆ. ಇವನದು ನಿಜವಾದರೆ ಅವಳದು ಬರೀ ಗೆಳೆತನ. ಎರಡು ಕಡೆಯೂ ವಾದಿಸಿ ನೋಡಿದೆ, ಎರಡು ಕಡೆಯೂ ಸೋತೆ. ಕೊನೆಗೆ ಅನ್ನಿಸಿತು, ಇಲ್ಲಿ ವಿಷಯವನ್ನೇ ತಪ್ಪಾಗಿ ಕೊಟ್ಟಿದ್ದಾರೆ. ಆದರೆ ಅದನ್ನು ಅವನಿಗೆ ಹೇಳದೆ ಸಕ್ಕರೆ ತಿನ್ನುವುದು ನನ್ನಿಂದಾಗದು.

ಲಿಂಗಸುಗೂರಿನಲ್ಲಿ ಗೆದ್ದೆವು. ಮರಳುವ ಬಸ್ಸಿನಲ್ಲಿ ಪಾರಿತೋಷಕ ಅವನ ತೊಡೆಯ ಮೇಲಿತ್ತು. ಬಸ್ಸು ಲಿಂಗಸುಗೂರು ದಾಟುವ ಮುಂಚೆಯೇ ಎಲ್ಲ ಹೇಳಿಬಿಟ್ಟೆ.

“ಹಂಗಾದ್ರ ನಾ ಏನು ಸುಳ್ಳಾ?” ಎಂದ.

“ಅಲ್ಲ ಮಾವಾ. ನೀನೂ ಖರೇನ, ಆಕಿನೂ ಖರೇನ.”

“ಗಂಡಸರೂ ಆಗ್ತಾರ, ಹೆಂಗಸರೂ ಆಗ್ತಾರ. ಅಂದ್ರ ಕಂಡ ಕಂಡವರೆಲ್ಲ ಆಗ್ತಾರ?”

“ಕಂಡಕ್ಟರ್ ಆಗೂದಿಲ್ಲ ನೋಡು.”

ಅವನಿಗೆ ನಗು ಬಂತು, ತಡೆದುಕೊಂಡ. “ತಮಾಷಿ ಸಾಕು ಲೇ ವಕೀಲ. ನಾಳೆ ಆಕಿ ಬಂದು ಕರದ್ರ?”

“ನಿನಗ ಹೆಂಗಸರು ಆಗ್ತಾರ. ಹಂಗಂತ ಮದುವಿ ಆದಮ್ಯಾಲ ಊರಾಗಿನ ಹೆಂಗಸರ ಹಿಂದ ಹೋಕ್ಕೀಯೇನು? ಮನಸ್ಸು ಆಗೂದು ಬ್ಯಾರೆ, ಮಾತು ಕೊಡೂದು ಬ್ಯಾರೆ.”

ಅವನು ಪಾರಿತೋಷಕದ ಮೇಲೆ ಮೆಲ್ಲಗೆ ಬೆರಳು ಕುಟ್ಟಿದ. “ಅದಲು ಬದಲು.”

ನಾನು ಅವನಾದೆ. “ಈಕಿ ಬುದ್ಧಿವಂತಿ. ಈಕಿ ಅಂದ್ರ ನನಗ ಜೀವ. ಆದ್ರ ಈಕಿ ಯಾರ ಜೋಡಿ ನಕ್ಕರೂ ನಾ ಲೆಕ್ಕ ಹಾಕ್ತೀನಿ. ನನ್ನ ಹೆದರಿಕಿ ಈಕಿ ತಪ್ಪಲ್ಲ, ಆದ್ರ ಅದು ನನ್ನ ಜೋಡಿ ಮನಿಯಾಗ ಇರ್ತೈತಿ.”

ಅವನು ನಾನಾದ. ನನ್ನದೇ ಠೀವಿಯಲ್ಲಿ ಕತ್ತು ಎತ್ತಿದ. “ನಾ ಯಾರನ್ನೂ ಮೊದಲ ಗಂಡು, ಹೆಣ್ಣು ಅಂತ ಬ್ಯಾರೆ ಮಾಡಿ ಆಮ್ಯಾಲ ನೋಡಿದಾಕಿ ಅಲ್ಲ. ಮನುಷ್ಯಾರನ್ನ ನೋಡೀನಿ. ಇದು ಗೊಂದಲ ಅಲ್ಲ, ನಾ ಇರೂದ ಹಿಂಗ.” ನನಗಿಂತ ಚೆನ್ನಾಗಿ ಹೇಳಿದ.

ಮಸ್ಕಿ ಗುಡ್ಡ ಕಂಡಿತು. ಇಳಿಯುವ ಮುಂಚೆ ಪಾರಿತೋಷಕವನ್ನು ನನ್ನ ತೊಡೆಗೆ ದಾಟಿಸಿದ.

“ನೀ ಗೆದ್ದಿ. ನೀ ಹೇಳಿದ್ರಾಗ ಒಂದೂ ಸುಳ್ಳಿಲ್ಲ. ಆದ್ರ ನೀ ನಾನಾಗಿ ಆಡಿದ್ದೂ ಖರೇನ ಐತಿ. ನನಗ ಅಷ್ಟು ಧೈರ್ಯ ಸಾಲೂದಿಲ್ಲ.”

ಸೋಮವಾರ ಸಕ್ಕರೆ ಹಂಚಲಿಲ್ಲ. ತನಗೀಗ ಮದುವೆ ಬೇಡವೆಂದು ಅವನೇ ಮನೆಯಲ್ಲಿ ಹೇಳಿ, ಬೈಗುಳವನ್ನೆಲ್ಲ ತಾನೇ ತಿಂದ. ಕಾರಣವನ್ನು ಯಾರಿಗೂ ಹೇಳಲಿಲ್ಲ. ಅವ್ವ ತಿಂಗಳುಗಟ್ಟಲೆ ತಮ್ಮನ ಮನೆಗೆ ಕಾಲಿಡಲಿಲ್ಲ. ನಾನು ಅಡುಗೆಮನೆಯಲ್ಲಿ, ಯಾರೂ ಇಲ್ಲದಾಗ, ಇಬ್ಬರಿಗಾಗಿಯೂ ಅತ್ತೆ.

ಪ್ಯಾನ್‌ಸೆಕ್ಷುಯಲ್ ಎಂಬ ಪದ ನನ್ನ ಕಣ್ಣಿಗೆ ಬಿದ್ದದ್ದು ಬಹಳ ವರ್ಷಗಳ ಮೇಲೆ. ಅಭ್ಯಾಸಬಲದಿಂದ ಮೊದಲು ಅದರೊಂದಿಗೂ ಜಗಳವಾಡಿದೆ. ಎಲ್ಲರ ಮೇಲೂ ಮನಸ್ಸಾಗುತ್ತದೆಂದು ಅದರ ಅರ್ಥವಲ್ಲ. ಮನಸ್ಸಾಗುವಲ್ಲಿ ಲಿಂಗ ಯಾವುದೆಂಬುದು ಅಡ್ಡ ಬರುವುದಿಲ್ಲ, ಅಷ್ಟೆ. ತಕರಾರು ತೆಗೆಯಲು ಏನೂ ಸಿಗದೆ ಅವನಿಗೆ ಫೋನು ಮಾಡಿದೆ. ಆ ಕಡೆ ಅವನ ಮಕ್ಕಳ ಗದ್ದಲ. ಪದ ಹೇಳಿದೆ, ಅರ್ಥ ಹೇಳಿದೆ.

“ಇಷ್ಟೇ ಏನು?” ಎಂದ. “ಇಷ್ಟು ಹೇಳಾಕ ಅವತ್ತು ಲಿಂಗಸುಗೂರಿನಿಂದ ಮಸ್ಕಿ ತನಕ ನನ್ನ ತಲಿ ತಿಂದಿದ್ದಿ!”

ನಕ್ಕೆವು. ಆಮೇಲೆ ಅವನು ದನಿ ತಗ್ಗಿಸಿ, ಆ ಪಾರಿತೋಷಕ ಈಗ ಎಲ್ಲಿದೆ ಎಂದು ಕೇಳಿದ.