ನೀರು ಬಂದ ದಿನ ಅಕ್ಷತಾಳ ನೌಕರಿ

ಕಳೆದ ವರ್ಷ ಬೇಸಿಗೆಯಲ್ಲಿ ನಡೆದದ್ದು. ನಾನು ವಿಜಯಪುರದಲ್ಲಿ ಬಾಡಿಗೆ ಮನೆ ತೋರಿಸುವ ಕೆಲಸ ಮಾಡುತ್ತೇನೆ. ಕೆಲವರು ಏಜೆಂಟ್ ಅನ್ನುತ್ತಾರೆ, ಕೆಲವರು ದಲ್ಲಾಳಿ ಅನ್ನುತ್ತಾರೆ. ಏನಾದರೂ ಅನ್ನಲಿ. ಗಂಡ ಸತ್ತ ಮೇಲೆ ಹಿಡಿದ ಕೆಲಸ, ಮುದುಕಿಯಾದರೂ ಬಿಟ್ಟಿಲ್ಲ. ನಮ್ಮ ಕಡೆ ಮನೆ ನೋಡುವುದೆಂದರೆ ಮೊದಲು ನೀರು ನೋಡುವುದು. ಅಡುಗೆಮನೆ, ಬಚ್ಚಲು ಎಲ್ಲ ಆಮೇಲೆ.

ಅಕ್ಷತಾ ಪುಣೆಯಿಂದ ಫೋನು ಮಾಡಿದ್ದಳು. ಗದಗ ಕಡೆಯ ಹುಡುಗಿ. ಆಸ್ಪತ್ರೆ ವಿಮೆಯ ಕಂಪನಿಯಲ್ಲಿ ಕೆಲಸ, ರೋಗಿಗಳ ಕಡೆಯವರು ಫೋನು ಮಾಡಿದರೆ ಉತ್ತರ ಹೇಳುವುದು. ಎಲ್ಲಿ ಕುಳಿತಾದರೂ ಮಾಡಬಹುದಂತೆ. ಪುಣೆಯಲ್ಲಿ ಅರ್ಧ ಪಗಾರ ಬಾಡಿಗೆಗೇ ಹೋಗುತ್ತದೆ, ಅದಕ್ಕೆ ಅಗ್ಗದ ಊರು ಹುಡುಕುತ್ತಿದ್ದೇನೆ ಅಂದಳು.

"ಅಗ್ಗ ಬೇಕಂದ್ರ ನಿಮ್ಮೂರಿಗೇ ಹೋಗಬೇಕಿಲ್ಲ?" ಅಂದೆ.

"ಅಲ್ಲಿಗೆ ಹೋದರ ದಿನಾ ಒಂದ ವರಾ ತೋರಸ್ತಾರ್ರಿ ನೀಲವ್ವಾರ. ಕೆಲಸ ಯಾವಾಗ ಮಾಡ್ಲಿ?"

ಮಾತು ಸರಿ ಅನಿಸಿತು. ಬಾ ಅಂದೆ.

ಮೊದಲು ತಿಕೋಟಾಕ್ಕೆ ಕರೆದುಕೊಂಡು ಹೋದೆ. ದ್ರಾಕ್ಷಿ ತೋಟದ ಮಗ್ಗುಲಿಗೆ ಹೊಸ ಮನೆ, ಬಾಡಿಗೆ ನಗು ಬರುವಷ್ಟು ಕಡಿಮೆ. ಆದರೆ ಇಂಟರ್ನೆಟ್ಟಿನ ವೈರು ಆ ಕಡೆ ಬಂದಿರಲಿಲ್ಲ. ಕಂಪನಿಗೆ ಮೊಬೈಲ್ ನೆಟ್ಟು ನಡೆಯುವುದಿಲ್ಲ, ವೈರಿನದೇ ಬೇಕು. ಬಬಲೇಶ್ವರದಲ್ಲಿ ವೈರು ಇತ್ತು. ಅಲ್ಲಿ ಮಾಲೀಕನ ಹೆಂಡತಿ ನನ್ನನ್ನು ಬದಿಗೆ ಕರೆದು, "ಒಬ್ಬಾಕಿನ ಇರ್ತಾಳಂತ, ದಿನಾ ಬಾಗಿಲಾ ಹಾಕ್ಕೊಂಡ ಕುಂದರ್ತಾಳಂತ, ಒಳಗ ಯಾರ ಜೋಡಿ ಮಾತಾಡ್ತಾಳ ಬೇ?" ಅಂದಳು. ವಿಮೆ ಅಂದರೂ ನಂಬಲಿಲ್ಲ. ಬಸ್ಸು ಹಿಡಿದು ತಿರುಗಿ ಬಂದೆವು.

ಕಡೆಗೆ ವಿಜಯಪುರದಲ್ಲೇ, ನನ್ನ ಮನೆಯ ಹಿಂದಿನ ಓಣಿಯಲ್ಲಿ ಒಂದು ಮನೆ ತೋರಿಸಿದೆ. ಆ ಓಣಿಗೆ ನಳದ ನೀರು ವಾರಕ್ಕೊಮ್ಮೆ. ಮನೆ ತಗ್ಗಿನಲ್ಲಿದ್ದುದರಿಂದ ನೀರು ಬಿಟ್ಟ ಕೂಡಲೇ ಮೊದಲು ಅಲ್ಲಿಗೇ ಬಂದು, ಮೋಟಾರಿಲ್ಲದೆ ನೆಲದ ಟಾಕಿ ತುಂಬುತ್ತಿತ್ತು. ಇಂಥ ಮನೆ ಸಿಕ್ಕರೆ ನಮ್ಮವರು ಬಾಡಿಗೆ ಚೌಕಾಶಿ ಕೂಡ ಮಾಡುವುದಿಲ್ಲ. ಅಕ್ಷತಾ ಸಾಮಾನು ಇಳಿಸಿದಳು.

ಕಂಪನಿಯವರು ಅವಳಿಗೆ ಒಂದು ತಿಂಗಳ ಪರೀಕ್ಷೆ ಇಟ್ಟಿದ್ದರು. ಮನೆಯಿಂದ ಕೆಲಸ ನೆಟ್ಟಗೆ ನಡೆದರೆ ಕಾಯಂ. ಇಲ್ಲದಿದ್ದರೆ ಪುಣೆಯ ಆಫೀಸಿಗೆ ಬರಬೇಕು, ಬಾರದಿದ್ದರೆ ನೌಕರಿ ಇಲ್ಲ. ಪುಣೆಯ ಖೋಲಿ ಬಿಟ್ಟು ಬಂದಿದ್ದಳು, ಅಲ್ಲಿ ಮತ್ತೆ ಮುಂಗಡ ಕೊಡುವಷ್ಟು ಕೈಯಲ್ಲಿ ಇರಲಿಲ್ಲ.

ಆ ತಿಂಗಳಲ್ಲಿ ಎರಡು ಸಲ ಇಂಟರ್ನೆಟ್ಟಿನ ಲೈನು ಹೋಯಿತು. ಎರಡೂ ಸಲ ನೀರು ಬಂದ ದಿನವೇ. ತಗ್ಗಿನ ಮನೆಯೊಂದನ್ನು ಬಿಟ್ಟರೆ ಉಳಿದವರಿಗೆ ನೀರು ಸಣ್ಣಗೆ ಬರುತ್ತದೆ. ಅದಕ್ಕೆ ಎಲ್ಲರೂ ನಳಕ್ಕೇ ಮೋಟಾರು ಹಚ್ಚಿ ಎಳೆಯುತ್ತಾರೆ. ಒಬ್ಬಳು ಹಚ್ಚಿದಳೆಂದು ಇನ್ನೊಬ್ಬಳು ಹಚ್ಚುತ್ತಾಳೆ. ಅಷ್ಟೂ ಮೋಟಾರಿನ ಭಾರ ಟಿ.ಸಿ. ಮೇಲೆ, ಅಂದರೆ ಓಣಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಮೇಲೆ ಬಿದ್ದು ಫ್ಯೂಜು ಹೋಗುತ್ತದೆ. ನಮಗೆ ಅದು ರೂಢಿ. ಕರೆಂಟಿನವನು ಬಂದಾಗ ಬರುತ್ತಾನೆ. ಅಕ್ಷತಾ ಬ್ಯಾಟರಿ ತಂದಿಟ್ಟಳು, ಉಪಯೋಗವಾಗಲಿಲ್ಲ. ಇಂಟರ್ನೆಟ್ಟಿನ ಡಬ್ಬಿ ಕಂಬದ ಮೇಲಿತ್ತು, ಅದಕ್ಕೂ ಅದೇ ಕರೆಂಟು.

ಇನ್ನೊಮ್ಮೆ ಲೈನು ಹೋದರೆ ಮುಗಿಯಿತು ಎಂದು ಕಂಪನಿಯವರು ಹೇಳಿಬಿಟ್ಟರು. ಪರೀಕ್ಷೆಯ ಕಡೆಯ ದಿನ ಹನ್ನೊಂದಕ್ಕೆ ದೊಡ್ಡ ಸಾಹೇಬರು ಒಂದು ತಾಸು ಅವಳ ಕೆಲಸ ಕೇಳುತ್ತ ಕೂರುವವರಿದ್ದರು. ನೀರು ಹಿಂದಿನ ದಿನವೇ ಬರಬೇಕಿತ್ತು. ಎಲ್ಲೋ ಪೈಪು ಒಡೆದು ಬರಲಿಲ್ಲ. ಹತ್ತೂವರೆಗೆ ಅಕ್ಷತಾಳ ಫೋನು.

"ನೀಲವ್ವಾರ, ನೀರ ಬಂತ್ರಿ!"

ಊರೆಲ್ಲ ಕೇಳಿ ಖುಷಿಪಡುವ ಮಾತನ್ನು ಆ ಹುಡುಗಿ ಅಳುತ್ತ ಹೇಳಿದಳು. ನಾನು ಚಪ್ಪಲಿ ಕೂಡ ಮೆಟ್ಟದೆ ಓಡಿದೆ.

ಎದುರು ಮನೆಯ ಗಂಗವ್ವ ಮೋಟಾರಿಗೆ ಪೈಪು ಸಿಗಿಸುತ್ತಿದ್ದಳು. ಆ ಓಣಿಯಲ್ಲಿ ಅವಳ ಮಾತೇ ಮಾತು.

"ಗಂಗವ್ವಾ, ಒಂದ ತಾಸ ಮೋಟಾರ ಹಚ್ಚಬ್ಯಾಡ. ಅಕ್ಷತಾನ ನೌಕರಿ ಹೊಕ್ಕೈತಿ."

"ನಾಳಿ ನನ್ನ ಸೊಸಿ ಕುಬಸ ಐತಿ. ಕಳ್ಳಕವಟಗಿಯಿಂದ ಬೀಗರು ಬರ್ತಾರ. ಅವರಿಗೆ ಕುಡಿಯಾಕ ಅಕೀ ಫೋನ ಕೊಡ್ಲೇನ?"

"ಹಂಗಲ್ಲ ಬೇ..."

"ಹೆಂಗೂ ಅಲ್ಲ. ನೌಕರಿ ಅಕೀದು, ನೀರು ನಂದು."

ಅವಳದೂ ತಪ್ಪಲ್ಲ. ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ದಿನ ಮನೆ ತುಂಬ ಜನ. ಈ ನೀರು ಹೋದರೆ ಮತ್ತೆ ವಾರ ಕಾಯಬೇಕು. ಬಾಯಿಗೆ ಬಂದದ್ದು ಅಂದೆ, "ಹಂಗಾರ ಪಾಳಿ ಹಚ್ಚೂಣು. ಒಂದ ಸಲಕ್ಕ ಒಂದ ಮನಿ. ಮೊದಲಿನ ಪಾಳಿ ನಿಂದ."

"ಕಡೀ ಪಾಳಿ ಯಾರದು?" ಮೂಲೆ ಮನೆಯ ಶಾಂತಾ ಬಾಗಿಲಿನಿಂದಲೇ ಕೇಳಿದಳು. "ನಂದಲ್ಲ ನೋಡ. ನಂದು ಬರೂದ್ರಾಗ ನಳ ಒಣಗಿರ್ತೈತಿ."

ಕಡೆಯ ಪಾಳಿ ಯಾರಿಗೂ ಬೇಡ. ಮೂರು ಮನೆಯವರು ಮೋಟಾರಿನ ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ಜಗಳಕ್ಕೆ ನಿಂತರು. ಹನ್ನೊಂದಾಗಲು ಹೆಚ್ಚು ಹೊತ್ತಿರಲಿಲ್ಲ. ಆಗ ಅಕ್ಷತಾ ಕಿವಿಯ ಮೈಕನ್ನು ಕೊರಳಿಗೆ ಇಳಿಸಿಕೊಂಡು ಹೊರಗೆ ಬಂದಳು.

"ನಮ್ಮ ಟಾಕಿ ತುಂಬಾಕತ್ತೇತ್ರಿ. ಪಾಳಿಗೆ ನೀರ ಸಾಲದವರು ನಮ್ಮಲ್ಲಿಂದ ಕೊಡಪಾನಲೆ ತುಂಬ್ಕೋರಿ. ಪೂರಾ ಖಾಲಿ ಮಾಡ್ರಿ, ನನಗೊಂದ ಬಕೆಟ್ ಸಾಕು."

ಗಂಗವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಜಳಕಾ ಮಾಡೂದಿಲ್ಲೇನ ವಾರಗಟ್ಟಲೆ?"

"ಫೋನಿನ್ಯಾಗ ವಾಸನಿ ಹೋಗೂದಿಲ್ಲಲ್ರಿ."

ಶಾಂತಾ ನಕ್ಕುಬಿಟ್ಟಳು. ಗಂಗವ್ವ ಮೋಟಾರು ಹಚ್ಚಿದಳು, ಅವಳೊಬ್ಬಳೇ.

ಅಕ್ಷತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅವಳ ಕಟ್ಟೆಯ ಮೇಲೆ ಕುಳಿತು ಕರೆಂಟು ತಿಳಿಯಲೆಂದು ಹಚ್ಚಿಟ್ಟ ತಲೆಯ ಮೇಲಿನ ಬಲ್ಬನ್ನೇ ನೋಡುತ್ತಿದ್ದೆ. ಗಂಗವ್ವನದು ಆಯಿತು, ಮಗ್ಗುಲಿನವಳಿಗೆ ಕೂಗಿದಳು. ಅವಳದು ನಡೆದಿತ್ತು. ಒಳಗಿನಿಂದ ಅಕ್ಷತಾ ಹಿಂದಿಯಲ್ಲಿ ಯಾರಿಗೋ ಸಮಾಧಾನ ಹೇಳುವುದು ಕೇಳುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಮೋಟಾರಿನ ಸದ್ದು. ಬಲ್ಬು ಕೆಂಪಗಾಯಿತು. ಆ ಸದ್ದು ಕೇಳಿ ಯಾರೋ ಪಾಳಿ ಮುರಿದರೆಂದು ಶಾಂತಾಳೂ ಹಚ್ಚಿದಳು. ಬಲ್ಬು ಸತ್ತೇ ಹೋಗುವಂತೆ ಮಿಣುಕಿತು.

ಮೊದಲು ಹಚ್ಚಿದ್ದವನು ಬಸಪ್ಪ, ರಿಟೈರಾದ ಬಸ್ ಡ್ರೈವರ್. ಸಂತೆಯಿಂದ ಆಗಷ್ಟೇ ಬಂದಿದ್ದ, ಅವನಿಗೆ ಪಾಳಿಯ ವಿಷಯ ಗೊತ್ತಿರಲಿಲ್ಲ. ಕೇಳದೆ ಅವನ ಮನೆಯೊಳಗೆ ನುಗ್ಗಿ ಗುಂಡಿ ಆರಿಸಿದೆ.

"ಲೇ ಮುದುಕಿ! ನನ್ನ ಮನ್ಯಾಗ ಬಂದ ಆರಸಾಕ ನೀ ಯಾರ?"

"ಆರಿಸೇನಿ. ಬೈಯೂದಿದ್ರ ಹನ್ನೆರಡಕ್ಕ ಬೈಯಿ, ಕುಂತ ಕೇಳ್ತೇನಿ."

ಆ ಕಡೆ ಗಂಗವ್ವ ಓಣಿಯ ನಡುವೆ ನಿಂತು ಕೂಗಿದಳು. "ಲೇ ಶಾಂತಾ! ಆರಸಲಿಲ್ಲಂದ್ರ ನಾಳಿ ಕುಬಸದ ಊಟಕ್ಕ ಬರಬ್ಯಾಡ!"

ಮೋಟಾರು ನಿಂತಿತು. ಬಲ್ಬು ಮೆಲ್ಲಗೆ ಬೆಳ್ಳಗಾಯಿತು. ಆದರೆ ಅಕ್ಷತಾಳ ಮನೆಯೊಳಗೆ ಈಗ ಸದ್ದೇ ಇಲ್ಲ. ಲೈನು ಹೋಯಿತೋ, ಉಳಿಯಿತೋ ಗೊತ್ತಾಗಲಿಲ್ಲ. ಬಾಗಿಲು ಬಡಿಯುವಂತಿಲ್ಲ. ಬೈಯಲು ಬಂದ ಬಸಪ್ಪನೂ ವಿಷಯ ತಿಳಿದು ಕಟ್ಟೆಗೆ ಕುಳಿತ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು.

"ಎರಡ ಸಲ ಲೈಟ ಕುಣೀತ್ರಿ, ಲೈನ್ ಹೋಗ್ಲಿಲ್ಲ. ಆಮ್ಯಾಲ ಸಾಹೇಬರು ಹೇಳೂದ ಕೇಳ್ಕೋತ ಕುಂತಿದ್ದೆ. ಕಾಯಂ ಮಾಡಿದ್ರು" ಅಂದಳು.

"ಕಾಯಂ ಆತು ಚೊಲೋ ಆತು" ಅಂದಳು ಗಂಗವ್ವ. "ಅಂದ್ರ ಇನ್ನ ವಾರಾ ವಾರಾ ಹಿಂಗ ಪಾಳಿ ಏನ ನೀಲವ್ವಾ?"

ಎಲ್ಲರೂ ನನ್ನ ಮುಖ ನೋಡಿದರು. ಮರುದಿನದಿಂದಲೇ ಬೇರೆ ಮನೆ ಹುಡುಕಿದೆ. ಇಪ್ಪತ್ತನಾಲ್ಕು ತಾಸು ನೀರು ಬರುವ ಬಡಾವಣೆ. ಅಲ್ಲಿ ನಳಕ್ಕೆ ಯಾರೂ ಮೋಟಾರು ಹಚ್ಚುವುದಿಲ್ಲ. ಬಾಡಿಗೆ ಹೆಚ್ಚು, ಪುಣೆಯದಕ್ಕಿಂತ ಎಷ್ಟೋ ಕಡಿಮೆ. ಅಕ್ಷತಾ ಒಪ್ಪಲಿಲ್ಲ.

"ಇಲ್ಲೇ ಇರ್ತೇನ್ರಿ. ಎಲ್ಲಾರೂ ಎಷ್ಟ ಚೊಲೋ ಅದಾರ."

"ಒಂದ ದಿನ ಚೊಲೋ ಇರೂದು ಬ್ಯಾರೆ, ವಾರಾ ವಾರಾ ಚೊಲೋ ಇರೂದು ಬ್ಯಾರೆ. ಸಾಮಾನ ಕಟ್ಟ" ಅಂದೆ.

ಮುಖ ಊದಿಸಿಕೊಂಡೇ ಹೋದಳು. ಮುಂದಿನ ಸಲ ನೀರು ಬಂದಾಗ ಆ ಓಣಿಯಲ್ಲಿ ಎಲ್ಲರೂ ಒಮ್ಮೆಲೇ ಮೋಟಾರು ಹಚ್ಚಿದರು. ಫ್ಯೂಜು ಹೋಯಿತು. ಅಕ್ಷತಾ ಆ ಹೊತ್ತಿಗೆ ಹೊಸ ಮನೆಯಲ್ಲಿ ಫೋನಿನಲ್ಲಿದ್ದಳು.

ಹೊರಗಿನಿಂದ ಫೋನು ಮಾಡಿ ನಿಮ್ಮೂರು ಅಗ್ಗವೇ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಬಾಡಿಗೆ ಎಷ್ಟು ಅನ್ನುತ್ತಾರೆ. ನಾನು ಹೇಳುವುದಿಲ್ಲ. ನಿನ್ನ ಕೆಲಸದಲ್ಲಿ ಒಂದು ಗಳಿಗೆಯೂ ನಿಲ್ಲಬಾರದ್ದು ಯಾವುದು ಎಂದು ಮೊದಲು ಕೇಳುತ್ತೇನೆ. ಆಮೇಲೆ ಓಣಿಗೆ ಹೋಗಿ ಅದು ಯಾವಾಗ ನಿಲ್ಲುತ್ತದೆ, ಯಾತರಿಂದ ನಿಲ್ಲುತ್ತದೆ ನೋಡಿ ಬರುತ್ತೇನೆ. ಬಾಡಿಗೆಯ ಮಾತು ಅದರ ನಂತರ. ನೆರೆಯವರ ಒಳ್ಳೆಯತನವನ್ನು ಬಾಡಿಗೆಯ ಲೆಕ್ಕದಲ್ಲಿ ಹಿಡಿಯಬಾರದು.