ಅರಮನೆಯ ಬಾಗಿಲು

“ಇದು ಅರಮನೆಯ ಬಾಗಿಲು ತಾಯಿ, ಆನೆ ಗುದ್ದಿದ್ರೂ ಅಲ್ಲಾಡಲ್ಲ!” ಎಂದು ನಾನು ತೇಗದ ಕದವನ್ನು ತಟ್ಟುತ್ತಿದ್ದೆ. ಕೊಳ್ಳಲು ಬಂದಿದ್ದ ಹಿರಿಯ ಹೆಂಗಸು ಚಪ್ಪಲಿ ಬಿಟ್ಟು ಅದರ ಹೊಸಿಲಿಗೆ ಕೈಮುಗಿದರು. ನನ್ನ ಮಾತಿಗೆ ಮರುಳಾದರೆಂದು ಒಳಗೊಳಗೇ ಬೀಗಿದೆ.

ಅದು ಐವತ್ತರ ದಶಕ. ರಾಜಾಜಿನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಪೇಟೆಯಲ್ಲಿ ಕೆಡವಿದ ಮನೆಗಳ ಬಾಗಿಲು, ಕಿಟಕಿ ತಂದು ಮಾರುವುದು ನನ್ನ ಕಸುಬು. ಅವಕ್ಕೆಲ್ಲ ಅರಮನೆಯ ವಂಶಾವಳಿ ಕಟ್ಟುವುದು ನನ್ನ ಜಾಣತನ.

ಅವರು ಬಲಗಡೆಯ ಕದವನ್ನು ತುಸು ಎತ್ತಿ ತಳ್ಳಿದರು. ನಾನೂ ಬಡಗಿಯೂ ಎಷ್ಟು ಗುದ್ದಾಡಿದರೂ ಕೂರದಿದ್ದ ಚಿಲಕ ಟಕ್ಕನೆ ಕೂತಿತು.

“ಇದು ನಮ್ಮ ತೌರುಮನೆ ಬಾಗಿಲು ಕಣಪ್ಪಾ. ನಮ್ಮಪ್ಪ ಬೆಲ್ಲದ ಮಂಡಿ ಇಟ್ಟಿದ್ರು. ಅರಮನೆ ಗಿರಮನೆ ಏನಿಲ್ಲ.”

ಮಾನ ಹೋದರೂ ವ್ಯಾಪಾರವಾದರೂ ಉಳಿಯಲೆಂದು, “ಹಾಗಾದ್ರೆ ನೀವೇ ತಗೊಂಡು ಹೋಗಿ ತಾಯಿ, ರೇಟು ಇಳಿಸ್ತೀನಿ” ಎಂದೆ.

“ತೌರಿನ ಬಾಗಿಲು ಹೋಗಿ ಬರೋದಕ್ಕಪ್ಪಾ. ದಿನಾ ಇರೋ ಮನೆಗೇ ಹಾಕ್ಕೊಂಡ್ರೆ ನಾನು ಹೋಗೋದೆಲ್ಲಿಗೆ?” ಎಂದು ಒಂದು ಕಿಟಕಿಯನ್ನಷ್ಟೇ ಕೊಂಡು ಹೊರಟರು.

ಆಮೇಲೆ ಆ ಬಾಗಿಲನ್ನು ಮಾರಲು ನನಗೆ ಬಾಯಿ ಬರಲಿಲ್ಲ. ನನ್ನ ಮನೆಗೇ ಇಡಿಸಿದೆ. ಗೌರಿ ಹಬ್ಬಕ್ಕೆ ಅವರನ್ನು ಕರೆದೆವು. ಬಂದವರು ಬಲಗಡೆಯ ಕದವನ್ನು ಎತ್ತಿ ತಳ್ಳಿ, ಯಾರನ್ನೂ ಕೇಳದೆ ಒಳಗೆ ಬಂದು ಕೂತರು. ನನ್ನ ಹೆಂಡತಿ ಬಾಗಿನ ಕೊಟ್ಟಳು. ಕೈತಪ್ಪಿದ ಗಿರಾಕಿಗೆ ವರ್ಷಾ ವರ್ಷಾ ಬಾಗಿನ ಕೊಟ್ಟ ವ್ಯಾಪಾರಿ ಬೆಂಗಳೂರಿಗೆಲ್ಲ ನಾನೊಬ್ಬನೇ ಇರಬೇಕು.